ಗಟ್ಟಿ ಕಟ್ಟೆ ಕೆಸರಾಗಿ ಹರಿಯುವುದೇಕೆ?

ಪ್ರಶ್ನೆ: ಗಣಿ ತ್ಯಾಜ್ಯದ ಅಣೆಕಟ್ಟುಗಳು ಸುಳಿವು ಕೊಡದೆ ಒಮ್ಮೆಲೇ ಕುಸಿಯುವುದೇಕೆ? ಅಪಾಯವನ್ನು ಮೊದಲೇ ಅಳೆಯಲಾಗದೇ?

ಅಳೆಯಬಹುದು. ಆದರೆ ಕಟ್ಟೆ ಅಲುಗುತ್ತಿದೆಯೇ ಎಂದಷ್ಟೇ ನೋಡಿದರೆ ಸಾಲದು. ಬ್ರೆಜಿಲ್‌ನ ಬ್ರುಮಾಡಿನ್ಯೊದಲ್ಲಿ 2019ರ ಜನವರಿ 25ರಂದು 86 ಮೀಟರ್ ಎತ್ತರದ ಕಟ್ಟೆ ಕೆಲವೇ ಸೆಕೆಂಡುಗಳಲ್ಲಿ ಕುಸಿದು 270 ಮಂದಿ ಸತ್ತರು. ಅಲ್ಲಿಗೆ ತ್ಯಾಜ್ಯ ಸುರಿಯುವುದು 2016ರಲ್ಲೇ ನಿಂತಿತ್ತು. ಕಟ್ಟೆ ಭದ್ರವಾಗಿದೆ ಎಂಬ ಪ್ರಮಾಣಪತ್ರವೂ ಇತ್ತು.

ಅದಿರನ್ನು ಅರೆದು ತೊಳೆದ ಮೇಲೆ ಉಳಿಯುವುದು ನೀರು ಬೆರೆತ ನುಣ್ಣನೆಯ ಪುಡಿ. ಸೇರಿಗೆ ರಾಗಿ ಸುರಿದು ಕುಲುಕಿದರೆ ಕಾಳು ಒತ್ತಾಗಿ ಮಟ್ಟ ಇಳಿಯುತ್ತದಲ್ಲ, ಸಡಿಲವಾಗಿ ಕೂತ ಈ ಪುಡಿಯೂ ಹಾಗೇ ಒತ್ತಾಗಲು ನೋಡುತ್ತದೆ. ಸಂದಿಯಲ್ಲಿ ಗಾಳಿಯಿದ್ದರೆ ಜಾಗ ಬಿಡುತ್ತದೆ. ನೀರು ತುಂಬಿದ್ದರೆ ಅದಕ್ಕೆ ತಕ್ಷಣ ಹೊರಹೋಗಲು ದಾರಿಯಿಲ್ಲ. ಮೇಲಿನ ಭಾರ ಆ ನೀರಿನ ಮೇಲೆ ಬೀಳುತ್ತದೆ, ಕಣಗಳ ಪರಸ್ಪರ ಹಿಡಿತ ತಪ್ಪುತ್ತದೆ, ಗುಡ್ಡವೇ ದ್ರವದಂತೆ ಹರಿಯುತ್ತದೆ. ಬ್ರುಮಾಡಿನ್ಯೊದಲ್ಲಂತೂ ಹಳೆಯ ತ್ಯಾಜ್ಯದ ಮೇಲೆಯೇ ಹಂತಹಂತವಾಗಿ ಕಟ್ಟೆ ಎತ್ತರಿಸಿದ್ದರು.

ಆದ್ದರಿಂದ ಪರೀಕ್ಷಿಸುವವರು ಒಳಗಿನ ನೀರಿನ ಒತ್ತಡವನ್ನು ಪೀಜೋಮೀಟರ್‌ನಿಂದ ಅಳೆಯುತ್ತಾರೆ. ಚೂಪು ತುದಿಯ ಸರಳನ್ನು ಆಳಕ್ಕೆ ಒತ್ತಿ ಪುಡಿ ಎಷ್ಟು ಸಡಿಲವೆಂದು ತಿಳಿಯುತ್ತಾರೆ. ಇವೆರಡಕ್ಕಿಂತ ಮುಖ್ಯವಾದ ಪ್ರಶ್ನೆ, ಕಟ್ಟೆಯ ಕೆಳಗೆ ಯಾರಿದ್ದಾರೆ ಎಂಬುದು. ಬ್ರುಮಾಡಿನ್ಯೊದಲ್ಲಿ ಕಾರ್ಮಿಕರ ಕ್ಯಾಂಟೀನ್ ಕೆಸರು ಹರಿಯುವ ದಾರಿಯಲ್ಲೇ ಇತ್ತು. ಕುಸಿದದ್ದು ಮಧ್ಯಾಹ್ನದ ಊಟದ ಹೊತ್ತಿಗೆ. ತ್ಯಾಜ್ಯದ ಮೇಲೆಯೇ ಕಟ್ಟೆ ಎತ್ತರಿಸುವ ಪದ್ಧತಿಯನ್ನು ಬ್ರೆಜಿಲ್ ಆಮೇಲೆ ನಿಷೇಧಿಸಿತು.