ಹದಿಹರೆಯದ ಖಿನ್ನತೆ ಮತ್ತು ದೇಹದ ನೋವು

ಪದವಿಪೂರ್ವ ತರಗತಿಗಳ ವಿದ್ಯಾರ್ಥಿಗಳು ಬರೆದುಕೊಡುವ ರಜೆಯ ಅರ್ಜಿಗಳಲ್ಲಿ ತಲೆನೋವು, ಹೊಟ್ಟೆನೋವು, ನಿಶ್ಶಕ್ತಿ ಎಂಬ ಕಾರಣಗಳು ಧಾರಾಳವಾಗಿ ಕಾಣುತ್ತವೆ. ಮನಸ್ಸಿಗೆ ನೆಮ್ಮದಿಯಿಲ್ಲವೆಂಬ ಕಾರಣವನ್ನು ನಾವು ಒಮ್ಮೆಯೂ ಕಂಡಿಲ್ಲ. ಅವುಗಳಲ್ಲಿ ಕೆಲವು ನೆಪಗಳೇ ಇರಬಹುದು. ಅಧ್ಯಾಪಕರಿಗೆ ಅದೇನೂ ಹೊಸದಲ್ಲ. ಆದರೆ ಪರೀಕ್ಷೆಯ ತಿಂಗಳುಗಳಲ್ಲಿ ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರಗಳ ಮನೆಗಳಲ್ಲಿ ನಡೆಯುವ ಒಂದು ಪ್ರಸಂಗ ವಾಚಕರಿಗೆ ಪರಿಚಿತವಾಗಿರಬಹುದು. ಹುಡುಗಿಗೆ ವಾರಗಟ್ಟಲೆ ತಲೆಸಿಡಿತ. ರಕ್ತಪರೀಕ್ಷೆಯಲ್ಲಿ ದೋಷವಿಲ್ಲ, ಕಣ್ಣಿನ ವೈದ್ಯರು ಕನ್ನಡಕ ಬೇಡವೆನ್ನುತ್ತಾರೆ. "ಏನೂ ಇಲ್ಲವಂತೆ, ಎದ್ದು ಓದಿಕೊ" ಎಂಬ ಮಾತು ಆಗ ಹೊರಡುತ್ತದೆ. ಅಂದಿನಿಂದ ಹುಡುಗಿ ನೋವನ್ನು ಹೇಳುವುದನ್ನೇ ಬಿಡುತ್ತಾಳೆ.

ಈ 'ಏನೂ ಇಲ್ಲ' ಎಂಬ ತೀರ್ಪು ಅವಸರದ್ದು. ವ್ಹೀಟ್‌ಸ್ಟನ್ ಸೇತುವೆಯಲ್ಲಿ ಗ್ಯಾಲ್ವನಾಮೀಟರಿನ ಮುಳ್ಳು ಸೊನ್ನೆಯ ಮೇಲೆ ನಿಂತಾಗ ಮಂಡಲದಲ್ಲಿ ವಿದ್ಯುತ್ತೇ ಹರಿಯುತ್ತಿಲ್ಲವೆಂದು ಹೊಸ ವಿದ್ಯಾರ್ಥಿ ಭಾವಿಸುತ್ತಾನೆ. ವಾಸ್ತವವಾಗಿ ನಾಲ್ಕು ಭುಜಗಳಲ್ಲಿಯೂ ವಿದ್ಯುತ್ತು ಹರಿಯುತ್ತಲೇ ಇರುತ್ತದೆ. ಮುಳ್ಳು ಅದನ್ನು ಅಳೆಯುವ ಜಾಗದಲ್ಲಿಲ್ಲ, ಅಷ್ಟೆ. ರಕ್ತಪರೀಕ್ಷೆಯೂ ಖಿನ್ನತೆಯನ್ನು ಅಳೆಯುವ ಜಾಗದಲ್ಲಿ ನಿಂತಿಲ್ಲ.

ಮಿದುಳು ಮತ್ತು ಮೈಗಳ ನಡುವಣ ಹಾದಿಗಳು ಹಲವು. ಒತ್ತಡ ಬಹುಕಾಲ ಮುಂದುವರಿದಾಗ ಮಿದುಳಿನ ಹೈಪೊಥಾಲಮಸ್, ಪಿಟ್ಯುಟರಿ ಗ್ರಂಥಿಯ ಮೂಲಕ, ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳನ್ನು ಪ್ರಚೋದಿಸುತ್ತದೆ. ಅವು ಕಾರ್ಟಿಸಾಲ್ ಎಂಬ ಹಾರ್ಮೋನನ್ನು ಸುರಿಸುತ್ತವೆ. ನಿದ್ರೆ, ಹಸಿವು, ಆಯಾಸಗಳೆಲ್ಲ ಇದರಿಂದ ಏರುಪೇರಾಗಬಲ್ಲವು. ಕರುಳಿನ ಗೋಡೆಯಲ್ಲಿ ಕೋಟಿಗಟ್ಟಲೆ ನರಕೋಶಗಳ ಜಾಲವಿದೆ. ವೇಗಸ್ ನರದ ಮೂಲಕ ಅದು ಮಿದುಳಿನೊಡನೆ ಸದಾ ಸಂಪರ್ಕದಲ್ಲಿರುತ್ತದೆ. (ಹೊಟ್ಟೆಯ ಬಾಧೆಗೂ ಮನಸ್ಸಿನ ಬಾಧೆಗೂ 'ಸಂಕಟ'ವೆಂಬ ಒಂದೇ ಮಾತನ್ನು ಇಟ್ಟುಕೊಂಡ ನಮ್ಮ ಹಿರಿಯರು ಈ ನಂಟನ್ನು ಅನುಭವದಿಂದಲೇ ಬಲ್ಲವರಾಗಿದ್ದರು.) ಇನ್ನು ನೋವಿನ ವಿಷಯ. ಮೈಯಿಂದ ಏರಿಬರುವ ನೋವಿನ ಸಂಕೇತಗಳನ್ನು ಬೆನ್ನುಹುರಿಯಲ್ಲಿಯೇ ತಗ್ಗಿಸುವ ನರತಂತುಗಳು ಮಿದುಳಿನಿಂದ ಕೆಳಗಿಳಿದು ಬರುತ್ತವೆ. ಸೆರೊಟೊನಿನ್ ಮತ್ತು ನಾರಡ್ರಿನಲಿನ್ ಅವುಗಳ ದೂತದ್ರವ್ಯಗಳು. ಖಿನ್ನತೆಯಲ್ಲಿ ಈ ಕಡಿವಾಣ ಸಡಿಲವಾಗುವುದರಿಂದ ಅಲ್ಪ ನೋವೂ ಅತಿಯಾಗುವುದೆಂದು ಅನೇಕ ತಜ್ಞರ ಅಭಿಪ್ರಾಯ. ಅಂದಮೇಲೆ ಅದು ಸೋಗಲ್ಲ. ನೋವು ನಿಜವಾದ ನೋವೇ.

ವಿಶ್ವ ಆರೋಗ್ಯ ಸಂಸ್ಥೆ 14 ದೇಶಗಳ 15 ಕೇಂದ್ರಗಳಲ್ಲಿ ನಡೆಸಿದ ಅಧ್ಯಯನದಲ್ಲಿ ಬೆಂಗಳೂರೂ ಒಂದು ಕೇಂದ್ರವಾಗಿತ್ತು. 1999ರಲ್ಲಿ ಪ್ರಕಟವಾದ ಅದರ ವಿಶ್ಲೇಷಣೆಯಂತೆ, ಖಿನ್ನತೆಯಿದ್ದ 1146 ರೋಗಿಗಳಲ್ಲಿ ನೂರಕ್ಕೆ 69 ಮಂದಿ ಕೇವಲ ದೇಹದ ತೊಂದರೆಯನ್ನೇ ಹೇಳಿಕೊಂಡು ವೈದ್ಯರಲ್ಲಿಗೆ ಬಂದಿದ್ದರು. ಆದರೆ ಮನಸ್ಸಿನ ಸ್ಥಿತಿಯನ್ನು ನೇರವಾಗಿ ಕೇಳಿದಾಗ ಅಂಥ ಲಕ್ಷಣವೇ ಇಲ್ಲವೆಂದವರು ನೂರಕ್ಕೆ 11 ಮಂದಿ ಮಾತ್ರ! ಅವರೆಲ್ಲರೂ ವಯಸ್ಕರು, ನಿಜ. ತಮ್ಮ ಭಾವನೆಗಳಿಗೆ ಇನ್ನೂ ಹೆಸರು ಹುಡುಕುತ್ತಿರುವ ಹದಿನಾರರ ಹುಡುಗರು ತಾವಾಗಿಯೇ ಬಾಯಿಬಿಡುವರೆಂದು ನಿರೀಕ್ಷಿಸುವುದು ಇನ್ನೂ ಕಷ್ಟ.

ಹಾಗೆಂದು ಪ್ರತಿ ತಲೆನೋವನ್ನೂ ಖಿನ್ನತೆಯೆನ್ನಲಾಗದು. ರಕ್ತಹೀನತೆ, ಥೈರಾಯ್ಡ್ ದೋಷ, ದೃಷ್ಟಿದೋಷಗಳನ್ನು ವೈದ್ಯರು ಪರೀಕ್ಷಿಸಲೇಬೇಕು. ರಾತ್ರಿ ತಡವಾಗಿ ನಿದ್ರೆ ಬರುವುದು ಆ ವಯಸ್ಸಿಗೆ ಸಹಜ. ಅದೊಂದರಿಂದಲೇ ಗಾಬರಿ ಬೇಡ. ಆದರೆ ನೋವಿನ ಜೊತೆಗೆ ನಿದ್ರೆ, ಊಟ ಕೆಟ್ಟು, ಎಲ್ಲಕ್ಕೂ ಸಿಡಿಮಿಡಿಗೊಂಡು (ಈ ವಯಸ್ಸಿನಲ್ಲಿ ಖಿನ್ನತೆ ಅಳುವಿಗಿಂತ ಸಿಟ್ಟಾಗಿ ಕಾಣುವುದುಂಟು), ಲಾಲ್‌ಬಾಗಿನ ಸಂಜೆಯ ಸುತ್ತಾಟವಾಗಲಿ ಗೆಳೆಯರೊಡನೆ ಕ್ರಿಕೆಟ್ಟಾಗಲಿ ಬೇಡವಾಗಿ ಎರಡು ವಾರ ಕಳೆದರೆ, ಮನಸ್ಸಿನ ವಿಷಯವನ್ನು ಕೇಳಬೇಕಾದ ಸಮಯ ಬಂದಿತೆಂದೇ ತಿಳಿಯಬೇಕು. ಸಾಯುವ ಮಾತು ಬಂದರಂತೂ ಒಂದು ದಿನವೂ ಕಾಯಬಾರದು. ಮಗುವನ್ನು ಒಂಟಿಯಾಗಿ ಬಿಡಬಾರದು.

ಕೇಳುವುದಕ್ಕೆ ದೂರ ಹೋಗಬೇಕಾಗಿಲ್ಲ. ಹೊಸೂರು ರಸ್ತೆಯ ನಿಮ್ಹಾನ್ಸ್ ಬಸವನಗುಡಿಯಿಂದ ಕೆಲವೇ ಮೈಲಿ. 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಹಳೆಯ ಸರ್ಕಾರಿ ಮಾನಸಿಕ ಆಸ್ಪತ್ರೆಯೂ 1974ರಲ್ಲಿ ಕೂಡಿ ಆದ ಸಂಸ್ಥೆಯಿದು. ಮಕ್ಕಳಿಗೂ ಹದಿಹರೆಯದವರಿಗೂ ಅಲ್ಲಿ ಪ್ರತ್ಯೇಕ ವಿಭಾಗವಿದೆ. 'ಅಲ್ಲಿಗೆ ಹೋದರೆ ನೆಂಟರು ಏನೆಂದಾರು' ಎಂಬ ಅಳುಕಿನಿಂದ ತಿಂಗಳುಗಳನ್ನು ಕಳೆಯುವ ಮನೆಗಳು ಇಂದಿಗೂ ಇವೆ. ಅಂಥವರು ಮನೆಯಿಂದಲೇ ದೂರವಾಣಿ ಮಾಡಬಹುದು: 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ ಸಂಖ್ಯೆ 14416. ಶುಲ್ಕವಿಲ್ಲ, ಕನ್ನಡದಲ್ಲಿ, ಹಗಲಿರುಳೂ ಮಾತನಾಡಬಹುದು.