ಭಾರ ಎಳೆಯುವ ಪಿಕಪ್: ಗೇರ್ ಬಾಕ್ಸ್‌ಗೆ ಹಣ ಹೂಡುವ ಮುನ್ನ

ಗುಬ್ಬಿಯ ತೆಂಗು ಮತ್ತು ಅಡಕೆ ವ್ಯಾಪಾರವಿರಲಿ, ಕುಣಿಗಲ್‌ನ ಅಂಚೇಪಾಳ್ಯ, ತುಮಕೂರಿನ ಹಿರೇಹಳ್ಳಿ, ವಸಂತನರಸಾಪುರಗಳ ಕಾರ್ಖಾನೆಗಳಿರಲಿ, ಸಣ್ಣ ಪ್ರಮಾಣದ ಸರಕು ಸಾಗಣೆಗೆ ಪಿಕಪ್ ವಾಹನವೇ ಆಧಾರ. ಇವುಗಳಲ್ಲಿ ಬಹುಪಾಲು ಮ್ಯಾನ್ಯುಯಲ್ ಗೇರಿನವು. ಆದರೆ ಇಸುಝು ವಿ-ಕ್ರಾಸ್ ಹಾಗೂ 2022ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ಟೊಯೋಟಾ ಹೈಲಕ್ಸ್‌ನಂತಹ ಪಿಕಪ್‌ಗಳಲ್ಲಿ 6 ಗೇರಿನ ಆಟೊಮ್ಯಾಟಿಕ್ ವ್ಯವಸ್ಥೆ ದೊರೆಯುತ್ತದೆ. ಇಂತಹ ವಾಹನಕ್ಕೆ ಜನರೇಟರ್, ಕಂಪ್ರೆಸರ್ ಅಥವಾ ಯಂತ್ರಭಾಗ ಹೊತ್ತ ಟ್ರೈಲರ್ ಜೋಡಿಸಿ ಎಳೆಯುವ ಆಲೋಚನೆ ಬಂದೊಡನೆ ಏಳುವ ಪ್ರಶ್ನೆ ಒಂದೇ: ಗೇರ್ ಬಾಕ್ಸನ್ನು ಬಲಪಡಿಸಬೇಕೆ?

ಬಲಕ್ಕಿಂತ ಮೊದಲು ಶಾಖವನ್ನೂ, ಶಾಖಕ್ಕಿಂತ ಮೊದಲು ತೂಕವನ್ನೂ ಲೆಕ್ಕ ಹಾಕಬೇಕು ಎಂಬುದೇ ಇದಕ್ಕೆ ಉತ್ತರ. ಈ ಕ್ರಮ ತಪ್ಪಿದರೆ ಹೂಡಿದ ಹಣ ವ್ಯರ್ಥವಾಗುವುದಲ್ಲದೆ, ವಾಹನ ಶೆಡ್ಡಿನಲ್ಲಿ ನಿಂತ ದಿನಗಳ ವ್ಯಾಪಾರವೂ ಕೈತಪ್ಪುತ್ತದೆ.

ಏರಿನ ಲೆಕ್ಕ

ಸಮತಟ್ಟಾದ ಡಾಂಬರು ರಸ್ತೆಯಲ್ಲಿ ಒಂದು ಟನ್ ಭಾರವನ್ನು ನಿಧಾನವಾಗಿ ಉರುಳಿಸಲು ಸುಮಾರು 10ರಿಂದ 15 ಕಿಲೋಗ್ರಾಂನಷ್ಟು ಎಳೆತ ಸಾಕು. 100 ಮೀಟರಿಗೆ 5 ಮೀಟರ್ ಏರುವ ರಸ್ತೆಯಲ್ಲಾದರೆ ಅದೇ ಟನ್ನಿಗೆ ಇನ್ನೂ 50 ಕಿಲೋಗ್ರಾಂ ಎಳೆತ ಬೇಕು. ಅಂದರೆ ಅಗತ್ಯ ನಾಲ್ಕೈದು ಪಟ್ಟಾಗುತ್ತದೆ. ತುಮಕೂರಿನಿಂದ ಗುಬ್ಬಿಗೆ ಸರಾಗವಾಗಿ ಹೋದ ಟ್ರೈಲರ್, ಕುಣಿಗಲ್‌ನಿಂದ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಹಾಸನ, ಸಕಲೇಶಪುರ ದಾಟಿ ಮಂಗಳೂರಿಗೆ ಹೋಗಿ ಮರಳುವಾಗ ಶಿರಾಡಿ ಘಾಟಿಯ ಏರಿನಲ್ಲಿ ವಾಹನವನ್ನು ಬಳಲಿಸುವುದು ಈ ಕಾರಣದಿಂದಲೇ. ಆದುದರಿಂದ ನಿತ್ಯದ ಮಾರ್ಗವನ್ನಲ್ಲ, ತಾವು ಹೋಗಬೇಕಾದ ಅತಿ ಕಠಿಣ ಮಾರ್ಗವನ್ನು ಗಮನದಲ್ಲಿರಿಸಿಕೊಂಡು ನಿರ್ಧರಿಸಬೇಕು.

ಶಾಖವೇ ಶತ್ರು

ಆಟೊಮ್ಯಾಟಿಕ್ ವಾಹನದಲ್ಲಿ ಎಂಜಿನ್‌ಗೂ ಗೇರ್ ಬಾಕ್ಸ್‌ಗೂ ನಡುವೆ ಕ್ಲಚ್ ಪ್ಲೇಟಿನ ಬದಲು ಟಾರ್ಕ್ ಕನ್ವರ್ಟರ್ ಇರುತ್ತದೆ. ಇದು ತೈಲದ ಹರಿವಿನ ಮೂಲಕ ಶಕ್ತಿಯನ್ನು ದಾಟಿಸುತ್ತದೆ. ನಿಂತಲ್ಲಿಂದ ಹೊರಡುವಾಗ ಎಳೆತವನ್ನು ಹೆಚ್ಚಿಸಿಕೊಡುವುದು ಇದರ ಗುಣ. ಜಾರಿದಷ್ಟೂ ಶಕ್ತಿಯನ್ನು ಶಾಖವಾಗಿ ಕಳೆಯುವುದು ಇದರ ದೋಷ. ಏರಿನಲ್ಲಿ 60 ಕಿಲೋವ್ಯಾಟ್ ಶಕ್ತಿ ಹರಿಯುತ್ತಿರುವಾಗ ಶೇಕಡ 10ರಷ್ಟು ನಷ್ಟವಾದರೂ 6 ಕಿಲೋವ್ಯಾಟ್ ಶಾಖ ಹುಟ್ಟುತ್ತದೆ. 2 ಕಿಲೋವ್ಯಾಟಿನ ಮೂರು ಗೀಸರ್‌ಗಳನ್ನು ಒಮ್ಮೆಗೇ ಉರಿಸಿದಷ್ಟು ಶಾಖ ಕೆಲವೇ ಲೀಟರ್ ತೈಲದೊಳಕ್ಕೆ ಇಳಿಯುತ್ತದೆ. ವೇಗ ಸ್ಥಿರವಾದಾಗ ಕನ್ವರ್ಟರಿನೊಳಗಿನ ಲಾಕ್-ಅಪ್ ಕ್ಲಚ್ ಬಿಗಿದು ಈ ಜಾರುವಿಕೆಯನ್ನು ನಿಲ್ಲಿಸುತ್ತದೆ. ಆದರೆ ಪಟ್ಟಣದ ಸಂದಣಿಯಲ್ಲಿ, ತಿರುವಿನ ಏರಿನಲ್ಲಿ ಅದು ಮೇಲಿಂದ ಮೇಲೆ ಬಿಡುತ್ತಿರುತ್ತದೆ.

ಕಾದ ತೈಲ ಬೇಗ ಕೆಡುತ್ತದೆ. ಸಾಮಾನ್ಯ ಮಿತಿಯನ್ನು ಮೀರಿ ಉಷ್ಣತೆ 10 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿದಾಗಲೆಲ್ಲ ತೈಲದ ಆಯುಷ್ಯ ಹೆಚ್ಚುಕಡಿಮೆ ಅರ್ಧವಾಗುತ್ತದೆ ಎಂಬುದು ತಂತ್ರಜ್ಞರು ಅನುಸರಿಸುವ ಸ್ಥೂಲ ಲೆಕ್ಕ. ಕೆಟ್ಟ ತೈಲ ಕಂದುಬಣ್ಣಕ್ಕೆ ತಿರುಗಿ ಸುಟ್ಟ ವಾಸನೆ ಬೀರುತ್ತದೆ. ಆ ಬಳಿಕ ಒಳಗಿನ ಕ್ಲಚ್ ಪ್ಲೇಟುಗಳು ಜಾರಿ ಸವೆಯಲಾರಂಭಿಸುತ್ತವೆ.

ಹಣ ಹೂಡುವ ಕ್ರಮ

ಮೊದಲನೆಯದಾಗಿ, ತಯಾರಕರು ಸೂಚಿಸಿದ ದರ್ಜೆಯ ತೈಲವನ್ನೇ ಬಳಸಿ, ಭಾರದ ದುಡಿಮೆಗೆಂದು ಕೈಪಿಡಿಯಲ್ಲಿ ಹೇಳಿರುವ ಕಡಿಮೆ ಅಂತರದಲ್ಲಿ ಬದಲಿಸಬೇಕು. ಎರಡನೆಯದಾಗಿ, ತೈಲದ ಉಷ್ಣತೆ ತೋರಿಸುವ ಮಾಪಕ ಬೇಕು. ಅಳೆಯದೆ ರೋಗ ತಿಳಿಯದು. ಮೂರನೆಯದಾಗಿ, ಉಷ್ಣತೆ ಮಿತಿಮೀರುತ್ತಿದ್ದರೆ ಹೆಚ್ಚುವರಿ ಆಯಿಲ್ ಕೂಲರ್ ಅಳವಡಿಸಬಹುದು. ರೇಡಿಯೇಟರಿನಿಂದ ಹೊರಬಂದ ತೈಲ ಈ ಕೂಲರಿನ ಮೂಲಕ ಹಾದು ಗೇರ್ ಬಾಕ್ಸ್ ಸೇರುವಂತೆ ಜೋಡಿಸುವುದು ರೂಢಿ. ಬಿಸಿ ತೈಲದ ಒತ್ತಡ ತಾಳುವ ಹೋಸನ್ನೇ ಬಳಸಬೇಕು. ನೀರಿನ ಪೈಪು ತುಂಡರಿಸಿ ಸೇರಿಸಿದರೆ ನಡುದಾರಿಯಲ್ಲಿ ತೈಲವೆಲ್ಲ ಸೋರಿಹೋದೀತು.

ಬಲವಾದ ಕ್ಲಚ್ ಪ್ಲೇಟು, ಬೇರೆ ಟಾರ್ಕ್ ಕನ್ವರ್ಟರ್, ಗೇರ್ ಬದಲಾವಣೆಯ ಕಂಪ್ಯೂಟರ್ ತಿದ್ದುಪಡಿ ಇವೆಲ್ಲ ಕೊನೆಯ ಹಂತದವು. ಇವುಗಳಿಂದ ವಾರಂಟಿ ಕಳೆದುಕೊಳ್ಳುವ ಸಂಭವವೂ ಉಂಟು. ಅಲ್ಲದೆ, ಆಟೊಮ್ಯಾಟಿಕ್ ಎಂದರೆ ದುರ್ಬಲವೆಂಬ ಭಾವನೆ ಸರಿಯಲ್ಲ: ಹೈಲಕ್ಸ್‌ನ ಮ್ಯಾನ್ಯುಯಲ್ ಮಾದರಿಯ ಟಾರ್ಕ್ 420 ನ್ಯೂಟನ್ ಮೀಟರ್ ಇದ್ದರೆ ಆಟೊಮ್ಯಾಟಿಕ್ ಮಾದರಿಯದು 500.

ಖರ್ಚಿಲ್ಲದ ಸುಧಾರಣೆ ಚಾಲಕನ ಕೈಯಲ್ಲಿದೆ. ಏರಿನಲ್ಲಿ ಗೇರ್ ಮೇಲಕ್ಕೂ ಕೆಳಕ್ಕೂ ಹೊಯ್ದಾಡುತ್ತಿದ್ದರೆ ಮ್ಯಾನ್ಯುಯಲ್ ಆಯ್ಕೆಯಲ್ಲಿ ಕೆಳಗೇರಿಗೆ ಇರಿಸಬೇಕು. ಇಳಿಜಾರಿನಲ್ಲಿಯೂ ಕೆಳಗೇರಿನಲ್ಲೇ ಇಳಿದು ಬ್ರೇಕನ್ನು ಉಳಿಸಬೇಕು. ಮ್ಯಾನ್ಯುಯಲ್ ವಾಹನದವರಿಗೂ ಇದೇ ಮಾತು ಅನ್ವಯಿಸುತ್ತದೆ. ಅಲ್ಲಿ ಸುಡುವುದು ಕ್ಲಚ್ ಪ್ಲೇಟು. ಏರಿನಲ್ಲಿ ಹಾಫ್ ಕ್ಲಚ್ ಹಿಡಿದು ನಿಲ್ಲುವ ಅಭ್ಯಾಸ ಬಿಟ್ಟರೆ ಅದರ ಬಾಳಿಕೆ ಹೆಚ್ಚುತ್ತದೆ.

ಕಾನೂನಿನ ಮಿತಿ

ಗೇರ್ ಬಾಕ್ಸ್ ಎಷ್ಟೇ ಬಲವಾದರೂ ನೋಂದಣಿ ಪತ್ರದಲ್ಲಿ ನಮೂದಾದ ತೂಕದ ಮಿತಿ ಒಂದು ಕಿಲೋಗ್ರಾಂ ಕೂಡ ಏರುವುದಿಲ್ಲ. ಬ್ರೇಕು, ಚಾಸಿಸ್, ಆಕ್ಸಲ್, ಟೈರುಗಳು ಹಿಂದಿನವೇ ಆಗಿರುತ್ತವೆ. ಒಟ್ಟು ತೂಕ ಇಮ್ಮಡಿಯಾದರೆ ಅದೇ ವೇಗದಲ್ಲಿ ನಿಲ್ಲಿಸಲು ಬ್ರೇಕು ಹೀರಬೇಕಾದ ಶಕ್ತಿಯೂ ಇಮ್ಮಡಿಯಾಗುತ್ತದೆ.

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲತಃ ನಿಗದಿಪಡಿಸಿದ್ದಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಈ ನಿರ್ಬಂಧವನ್ನು ಎತ್ತಿಹಿಡಿದಿದೆ. ಟ್ರೈಲರಿಗೂ ನೋಂದಣಿ ಅಗತ್ಯ. 2019ರ ತಿದ್ದುಪಡಿಯ ನಂತರ 194ನೇ ಕಲಮಿನಲ್ಲಿ ಅಧಿಕ ಭಾರಕ್ಕೆ 20,000 ರೂಪಾಯಿ ದಂಡ ಹಾಗೂ ಹೆಚ್ಚುವರಿ ಪ್ರತಿ ಟನ್ನಿಗೆ 2,000 ರೂಪಾಯಿ ವಿಧಿಸಲು ಅವಕಾಶವಿದೆ. 2 ಟನ್ ಮೀರಿದರೆ 24,000 ರೂಪಾಯಿ. ಸರಕು ಇಳಿಸುವ ವೆಚ್ಚ ಬೇರೆ. ಹೆಚ್ಚಿನ ಸರಕು ಇಳಿಸದೆ ವಾಹನ ಮುಂದಕ್ಕೆ ಹೋಗುವಂತೆಯೂ ಇಲ್ಲ. ಅಪಘಾತವಾದಲ್ಲಿ ವಿಮೆಯ ಪರಿಹಾರಕ್ಕೂ ತಕರಾರು ಬರಬಹುದು.

ಆದಕಾರಣ ವರ್ತಕ ಬಂಧುಗಳು ಮೊದಲು ಭರ್ತಿ ಮಾಡಿದ ವಾಹನವನ್ನೂ ಟ್ರೈಲರನ್ನೂ ತೂಕದ ಸೇತುವೆಗೆ ಒಯ್ದು ತೂಗಿಸಲಿ. ಆ ಚೀಟಿಯನ್ನು ನೋಂದಣಿ ಪತ್ರ ಹಾಗೂ ತಯಾರಕರ ಕೈಪಿಡಿಯೊಂದಿಗೆ ಹೋಲಿಸಿ ನೋಡಲಿ. ತೂಕ ಮಿತಿಯೊಳಗಿದ್ದರೆ ತೈಲ, ಮಾಪಕ, ಕೂಲರ್‌ಗಳಿಗೆ ಖರ್ಚು ಮಾಡುವುದು ಸಾರ್ಥಕ. ಮಿತಿ ಮೀರಿದ್ದರೆ ಗೇರ್ ಬಾಕ್ಸ್‌ಗೆ ಸುರಿಯಬೇಕೆಂದಿದ್ದ ಹಣವನ್ನು ದೊಡ್ಡ ಸರಕು ವಾಹನದ ಮುಂಗಡಕ್ಕೋ, ವಾರಕ್ಕೊಮ್ಮೆ ಲಾರಿ ಬಾಡಿಗೆಗೋ ತೊಡಗಿಸುವುದೇ ಲಾಭದಾಯಕ.