ವಿಸ್ತರಿತ ವಾರಂಟಿ: ಯಾರ ಲಾಭಕ್ಕೆ?

ದಸರಾ, ದೀಪಾವಳಿಯ ಮಾರಾಟದ ದಿನಗಳಲ್ಲಿ ಟಿ.ವಿ.ಯನ್ನೋ ವಾಷಿಂಗ್ ಮೆಷಿನ್ನನ್ನೋ ಕೊಳ್ಳಲು ಹೋದವರಿಗೆ ಒಂದು ಅನುಭವ ಸಾಮಾನ್ಯ. ಮಾದರಿಯ ಆಯ್ಕೆ ಆಗಿ, ಚೌಕಾಸಿಯೂ ಮುಗಿದು, ಹಣ ಪಾವತಿಗೆ ನಿಂತಾಗ ಕೌಂಟರಿನಲ್ಲಿರುವ ಯುವಕ ಕೇಳುತ್ತಾನೆ: ‘ಸರ್, ಎಕ್ಸ್‌ಟೆಂಡೆಡ್ ವಾರಂಟಿ ಹಾಕಿಬಿಡ್ಲಾ? ಇನ್ನೆರಡು ವರ್ಷ ಯೋಚನೆಯೇ ಇರಲ್ಲ.’ ಅರ್ಧ ಗಂಟೆಯ ಹಿಂದೆ ಇದೇ ಅಂಗಡಿಯ ಇನ್ನೊಬ್ಬ ಯುವಕ ಆ ಸಾಧನದ ಬಾಳಿಕೆಯನ್ನು ಬಾಯ್ತುಂಬ ಹೊಗಳಿರುತ್ತಾನೆ. ಈ ಎರಡು ಮಾತುಗಳ ನಡುವಿನ ವಿರೋಧ ನಮಗೆ ಹೊಳೆಯುವುದು ಮನೆಗೆ ಮರಳಿದ ಮೇಲೆ.

ಲೆಕ್ಕ ಕಷ್ಟದ್ದಲ್ಲ. 40,000 ರೂಪಾಯಿಯ ಟಿ.ವಿ.ಗೆ ತಯಾರಕರು ಒಂದು ವರ್ಷದ ವಾರಂಟಿ ಕೊಡುತ್ತಾರೆ, ಇನ್ನೆರಡು ವರ್ಷಕ್ಕೆ ಅಂಗಡಿಯವರು 5,000 ರೂಪಾಯಿ ಕೇಳುತ್ತಾರೆ ಎಂದಿಟ್ಟುಕೊಳ್ಳೋಣ. ಕೆಟ್ಟಾಗ ದುರಸ್ತಿಗೆ 15,000 ರೂಪಾಯಿ ತಗುಲುತ್ತದೆ ಎಂದು ಉದಾರವಾಗಿಯೇ ಭಾವಿಸಿದರೂ, ಆ ಎರಡು ವರ್ಷಗಳಲ್ಲಿ ಇಂಥ ಪ್ರತಿ ಮೂರು ಟಿ.ವಿ.ಗಳಲ್ಲಿ ಒಂದು ಕೆಟ್ಟರೆ ಮಾತ್ರ ಕೊಂಡವರ ಹಣಕ್ಕೆ ಹಣ ಸರಿಹೋಗುತ್ತದೆ. ಅಷ್ಟು ಬೇಗ ಕೆಡುವ ಸರಕಾದರೆ ಬೇಡವೆನ್ನಬೇಕಾದದ್ದು ವಾರಂಟಿಯನ್ನಲ್ಲ, ಟಿ.ವಿ.ಯನ್ನೇ. ಇನ್ನೂ ಒಂದು ಅಂಶವಿದೆ. ಹಣ ಕೊಡುವುದು ಇಂದು. ರಕ್ಷಣೆ ಆರಂಭವಾಗುವುದು ಒಂದು ವರ್ಷದ ನಂತರ. ಅಲ್ಲಿಯವರೆಗೆ ಗ್ರಾಹಕ ಅಂಗಡಿಗೆ ಬಡ್ಡಿಯಿಲ್ಲದ ಸಾಲ ಕೊಟ್ಟಂತೆಯೇ. ಅದರ ಮೇಲೆ ಶೇ 18ರಷ್ಟು ಜಿಎಸ್‌ಟಿ ಭಾರವೂ ಅವನದೇ.

ವಿಮೆಯ ತತ್ತ್ವ ಇರುವುದು ನಮ್ಮ ಶಕ್ತಿ ಮೀರಿದ ನಷ್ಟಕ್ಕಾಗಿ. ಮನೆಗೆ ಬೆಂಕಿ ಬಿದ್ದರೆ, ಹೃದಯದ ಶಸ್ತ್ರಚಿಕಿತ್ಸೆ ಎದುರಾದರೆ ಸಾಮಾನ್ಯ ಕುಟುಂಬ ತತ್ತರಿಸುತ್ತದೆ. ಅಲ್ಲಿ ವಿಮೆ ಬೇಕೇ ಬೇಕು. ಮಿಕ್ಸಿ ಕೆಟ್ಟರೆ ಯಾರ ಸಂಸಾರವೂ ಬೀದಿಗೆ ಬರುವುದಿಲ್ಲ. ಆದರೂ ಸಣ್ಣ ಸಂಭವನೀಯತೆಯನ್ನು ಮನುಷ್ಯ ತನ್ನ ಮನಸ್ಸಿನಲ್ಲಿ ದೊಡ್ಡದು ಮಾಡಿಕೊಳ್ಳುತ್ತಾನೆಂಬುದನ್ನು ಡೇನಿಯಲ್ ಕಾನೆಮನ್ ಮತ್ತು ಏಮಸ್ ಟ್ವರ್ಸ್ಕಿ 1979ರಲ್ಲೇ ವಿವರಿಸಿದ್ದರು. ಕೌಂಟರಿನ ಯುವಕ ಅವರನ್ನು ಓದಿರಬೇಕಾಗಿಲ್ಲ.

ಇನ್ನು ಸಣ್ಣಕ್ಷರದ ಷರತ್ತುಗಳು. ಸಿಡಿಲು, ವೋಲ್ಟೇಜ್ ಏರಿಳಿತ, ನೀರು, ಇಲಿ, ಇರುವೆ: ನಮ್ಮ ಮನೆಗಳಲ್ಲಿ ಸಾಧನಗಳನ್ನು ಕೆಡಿಸುವ ಇಂಥ ಕಾರಣಗಳೇ ಅನೇಕ ಯೋಜನೆಗಳಲ್ಲಿ ರಕ್ಷಣೆಯ ಹೊರಗಿರುತ್ತವೆ. ನಮ್ಮ ಬಡಾವಣೆಯ ನಿವೃತ್ತ ಶಿಕ್ಷಕಿಯೊಬ್ಬರು ವಿಸ್ತರಿತ ವಾರಂಟಿ ಸಹಿತ ಟಿ.ವಿ. ಕೊಂಡಿದ್ದರು. ಮೂರನೆಯ ವರ್ಷ ಪರದೆ ಕಪ್ಪಾಯಿತು. ಆ ಮಾದರಿಯ ಪ್ಯಾನೆಲ್ ಈಗ ಬರುವುದಿಲ್ಲವೆಂಬ ಉತ್ತರ ಪಡೆಯಲು ಅವರು ಆರು ವಾರ ಫೋನು ಮಾಡಬೇಕಾಯಿತು. ಕೊನೆಗೆ ಸವಕಳಿ ಕಳೆದು, ಕೊಂಡ ಬೆಲೆಯ ಅರ್ಧಕ್ಕೂ ಕಡಿಮೆ ಮೊತ್ತ ಮಂಜೂರಾಯಿತು; ಅದೂ ಅದೇ ಮಳಿಗೆಯಲ್ಲಿ ಮಾತ್ರ ಬಳಸಬಹುದಾದ ಕೂಪನ್ನಿನ ರೂಪದಲ್ಲಿ. ‘ಪಿಂಚಣಿ ಹಣದಲ್ಲಿ ನೆಮ್ಮದಿ ಕೊಂಡುಕೊಂಡೆ ಅಂದ್ಕೊಂಡಿದ್ದೆ ಸಾರ್’ ಎಂದರು. ಅಂಗಡಿಯ ಷರತ್ತುಗಳ ಪ್ರಕಾರ ಎಲ್ಲವೂ ಸರಿಯಾಗಿಯೇ ಇತ್ತು.

ಹಾಗೆಂದು ಇದನ್ನು ಕೊಳ್ಳುವವರನ್ನು ಅವಿವೇಕಿಗಳೆನ್ನಲು ನಾನು ಸಿದ್ಧನಿಲ್ಲ. ಅವರು ಹೆದರುವುದು ಸಾಧನ ಕೆಡುತ್ತದೆಂದಲ್ಲ, ಕೆಟ್ಟಾಗ ಮೋಸಹೋಗುತ್ತೇವೆಂದು. ‘ಬೋರ್ಡ್ ಹೋಗಿದೆ’ ಎಂದು ರಿಪೇರಿಯವನು ಹೇಳಿದರೆ ಒಪ್ಪುವುದೇ, ಬಿಡುವುದೇ? ಬೆಂಗಳೂರಿನಲ್ಲಿ ಎಸ್.ಪಿ. ರಸ್ತೆಯ ಅಂಗಡಿಗಳನ್ನು ಬಲ್ಲವರಿಗೆ ಬಿಡಿಭಾಗ ಸಿಕ್ಕೀತು. ಸಣ್ಣ ಊರಿನವರಿಗೆ, ಒಂಟಿ ವೃದ್ಧರಿಗೆ ಆ ದಾರಿ ಎಲ್ಲಿದೆ? ಮಾರುವವನಿಗೆ ತಿಳಿದದ್ದು ಕೊಳ್ಳುವವನಿಗೆ ತಿಳಿಯದಿದ್ದಾಗ ಮಾರುಕಟ್ಟೆಯೇ ಹೇಗೆ ಹದಗೆಡುತ್ತದೆಂದು ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಉದಾಹರಣೆಯಿಂದ ತೋರಿಸಿದರು. ನಮ್ಮ ದುರಸ್ತಿ ಮಾರುಕಟ್ಟೆಗೆ ಅದು ಹಾಗೆಯೇ ಅನ್ವಯಿಸುತ್ತದೆ. ವಿಸ್ತರಿತ ವಾರಂಟಿ ಮಾರಾಟವಾಗುವುದು ಈ ಅಪನಂಬಿಕೆಯ ಬಲದಿಂದ.

ಇಲ್ಲಿ ಸರ್ಕಾರಿ ಅನುಭವದ ಒಂದು ಮಾತು. ಕಚೇರಿಗಳಿಗೆ ಕಂಪ್ಯೂಟರ್ ಖರೀದಿಸುವಾಗ ನಾವು ಟೆಂಡರಿನಲ್ಲೇ ಮೂರು ವರ್ಷಗಳ ಸ್ಥಳದಲ್ಲಿಯೇ ದುರಸ್ತಿಯ ವಾರಂಟಿಯನ್ನು ಷರತ್ತಾಗಿ ಹಾಕುತ್ತಿದ್ದೆವು. ಅದಕ್ಕಾಗಿ ಬೇರೆ ಹಣ ಕೊಡುವ ಪ್ರಶ್ನೆಯಿರಲಿಲ್ಲ. ಪೂರೈಕೆದಾರರು ಎಲ್ಲವನ್ನೂ ಸೇರಿಸಿ ಒಂದೇ ದರದಲ್ಲಿ ಸ್ಪರ್ಧಿಸುತ್ತಿದ್ದರು. ನೂರು ಯಂತ್ರ ಕೊಳ್ಳುವ ಇಲಾಖೆಗೆ ಸಾಧ್ಯವಾದದ್ದು ಒಂದು ಯಂತ್ರ ಕೊಳ್ಳುವ ಗೃಹಿಣಿಗೆ ಸಾಧ್ಯವಾಗುವುದಿಲ್ಲ. ಆ ಕೊರತೆಯನ್ನು ತುಂಬಬೇಕಾದದ್ದು ಕಾನೂನು.

ಬೇರೆಡೆ ತುಂಬಿದೆ. ಯೂರೋಪ್ ಒಕ್ಕೂಟದ 1999ರ ನಿರ್ದೇಶನ ಗ್ರಾಹಕ ಸರಕುಗಳಿಗೆ ಕನಿಷ್ಠ ಎರಡು ವರ್ಷಗಳ ಕಾನೂನುಬದ್ಧ ಖಾತರಿಯನ್ನು ಕಡ್ಡಾಯ ಮಾಡಿತು. ಬ್ರಿಟನ್ನಿನ ಸ್ಪರ್ಧಾ ಆಯೋಗ ವಿಸ್ತರಿತ ವಾರಂಟಿಗಳ ವ್ಯಾಪಾರವನ್ನೇ ತನಿಖೆಗೊಳಪಡಿಸಿ 2003ರಲ್ಲಿ ವರದಿ ಕೊಟ್ಟಿತು. ಅದರ ಫಲವಾಗಿ 2005ರಲ್ಲಿ ಬಂದ ಆದೇಶದಂತೆ ಅಂಗಡಿಯವರು ಸರಕಿನ ಬೆಲೆಯ ಪಕ್ಕದಲ್ಲೇ ವಾರಂಟಿಯ ಬೆಲೆಯನ್ನೂ ಪ್ರದರ್ಶಿಸಬೇಕು; ಒಪ್ಪಿಕೊಂಡ ಗ್ರಾಹಕನಿಗೆ 45 ದಿನಗಳೊಳಗೆ ಅದನ್ನು ರದ್ದುಪಡಿಸಿ ಪೂರ್ಣ ಹಣ ವಾಪಸು ಪಡೆಯುವ ಹಕ್ಕು ಇರಬೇಕು.

ನಮ್ಮಲ್ಲಿ 2020ರ ಜುಲೈನಿಂದ ಜಾರಿಗೆ ಬಂದ ಗ್ರಾಹಕರ ರಕ್ಷಣಾ ಕಾಯ್ದೆ 2019 ‘ಅನುಚಿತ ಒಪ್ಪಂದ’ವನ್ನು ಪ್ರಶ್ನಿಸುವ ಅವಕಾಶ ಕೊಟ್ಟಿರುವುದು ಸ್ವಾಗತಾರ್ಹ. ಆದರೆ ಅಂಥ ದೂರನ್ನು ಜಿಲ್ಲಾ ಆಯೋಗದಲ್ಲಿ ಸಲ್ಲಿಸುವಂತಿಲ್ಲ. ರಾಜ್ಯ ಆಯೋಗಕ್ಕೇ ಹೋಗಬೇಕು. 5,000 ರೂಪಾಯಿಯ ವಾರಂಟಿಗಾಗಿ ರಾಜ್ಯ ಆಯೋಗದ ಮೊರೆಹೋಗುವವರಾರು? ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ಆರಂಭಿಸಿದ ದುರಸ್ತಿ ಹಕ್ಕಿನ ಪೋರ್ಟಲ್ ಮಾಹಿತಿಯ ಮಟ್ಟಿಗೆ ಉಪಯುಕ್ತ. ಬಿಡಿಭಾಗಗಳನ್ನು ಇಷ್ಟು ವರ್ಷ ಪೂರೈಸಲೇಬೇಕೆಂಬ ಕಟ್ಟುಪಾಡು ಅದರಿಂದ ಹುಟ್ಟುವುದಿಲ್ಲ. ಎರಡು ವರ್ಷಗಳ ಕಡ್ಡಾಯ ವಾರಂಟಿ, ರದ್ದತಿಯ ಹಕ್ಕು, ಅನುಚಿತ ಒಪ್ಪಂದದ ದೂರನ್ನು ಆಲಿಸುವ ಅಧಿಕಾರ ಜಿಲ್ಲಾ ಆಯೋಗಕ್ಕೆ: ಈ ಮೂರಕ್ಕೂ ಸರ್ಕಾರದ ಬೊಕ್ಕಸಕ್ಕೆ ಹೇಳಿಕೊಳ್ಳುವಂಥ ಹೊರೆ ಬೀಳದು.

ಅಲ್ಲಿಯವರೆಗೆ? ಲ್ಯಾಪ್‌ಟಾಪನ್ನೇ ನಂಬಿ ಡಿ.ಟಿ.ಪಿ. ಅಂಗಡಿ ನಡೆಸುವವನಿಗೆ, ಮತ್ತೊಂದನ್ನು ತಕ್ಷಣ ಕೊಳ್ಳಲಾಗದ ವಿದ್ಯಾರ್ಥಿಗೆ ಇಂಥ ರಕ್ಷಣೆ ಸಮಂಜಸವಾಗಬಹುದು. ಆಗಲೂ ತಯಾರಕರೇ ಕೊಡುವುದನ್ನು ಆರಿಸಿಕೊಳ್ಳುವುದು ಲೇಸು. ಉಳಿದವರು ಆ ಮೊತ್ತವನ್ನು ಬ್ಯಾಂಕಿನಲ್ಲಿ ಬೇರೆಯಾಗಿ ಇಟ್ಟರೆ ನಾಲ್ಕಾರು ಸಾಧನಗಳ ದುರಸ್ತಿಗೆ ಒಂದೇ ನಿಧಿ ಸಿದ್ಧವಾಗುತ್ತದೆ. ವಾರಂಟಿ ಕೊಂಡೇ ತೀರುತ್ತೇನೆನ್ನುವವರು ಬಿಲ್ಲಿನ ಜೆರಾಕ್ಸ್ ಪ್ರತಿಯನ್ನು ಅಂದೇ ಮಾಡಿಸಿಡಲಿ. ಈಗಿನ ನುಣುಪು ಕಾಗದದ ಬಿಲ್ಲುಗಳ ಅಕ್ಷರಗಳು ವಾರಂಟಿಗಿಂತ ಮೊದಲೇ ಮಾಸಿಹೋಗುತ್ತವೆ.